ನೀರುಗಂಟಿ ಮಾವ ಮಾಡಿದ ಮೈದಾನ

ಕಣಕ್ಕೆ ಸಗಣಿ ಬಗ್ಗಡ ಹುಯ್ಯುತ್ತಿದ್ದೆ. ಮೊಣಕೈವರೆಗೂ ಸಗಣಿ. ಅರ್ಧ ಕಣ ಆಗಿತ್ತು. ಬರಲು ಪೊರಕೆ ಹಿಡಿದು ಬಗ್ಗಿ ಎಳೆದೆ. ಹಸಿ ಮಣ್ಣು, ಸಗಣಿ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಂತು ನೋಡಿ, ಕೈ ನಿಂತುಹೋಯಿತು. ಹಿಂದಿನಿಂದ ಅವ್ವ, ಒಣಗಿಹೋದರೆ ಮತ್ತೆ ನೀರು ಹೊರಬೇಕು, ಬೇಗ ಎಳಿ ಅಂತ ಕೂಗುತ್ತಿದ್ದಳು. ನನಗೆ ಆಗಲಿಲ್ಲ. ಬರಲು ಅಲ್ಲೇ ಬಿಸಾಡಿ ಬದುವಿನ ಮೇಲೆ ಹೋಗಿ ಕುಳಿತೆ.

ಪಕ್ಕದ ಮನೆಯ ನೀರುಗಂಟಿ ಮಾವ ನೆನಪಾಗಿದ್ದ. ಅವನು ಹೋಗಿ ನಾಲ್ಕು ತಿಂಗಳಾಯಿತು. ಅವನ ವಿಷಯ ನಾನು ಒಂದು ಮಾತು ಹೇಳಬೇಕಾಗಿತ್ತು. ಅವನು ಇದ್ದಾಗಲೇ ಹೇಳಬೇಕಾಗಿತ್ತು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನನಗೆ ಸುತ್ತಿ ಬಳಸಿ ಬರೆಯೋಕೆ ಬರುವುದಿಲ್ಲ. ನಡೆದದ್ದು ಬರೆಯುತ್ತೇನೆ.

ಮಾವ ಅಂದರೆ ರಕ್ತಸಂಬಂಧ ಏನಿಲ್ಲ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಊರ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವನ ಕೆಲಸ. ಅವನ ಅಪ್ಪನದೂ ಅದೇ, ತಾತನದೂ ಅದೇ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವನಿಗೆ ಕಾಳು ಅಳೆಯುತ್ತಿದ್ದರು. ಹೆಗಲ ಮೇಲೆ ಸನಿಕೆ ಇಲ್ಲದೆ ಅವನನ್ನು ಕಂಡವರಿಲ್ಲ. ಪಟೇಲರ ಗದ್ದೆಯೇ ಆಗಲಿ, ಸರದಿ ಬಿಟ್ಟು ಒಂದು ಬೊಗಸೆ ನೀರು ಹರಿಸುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಮಗಳನ್ನು ಮಳವಳ್ಳಿ ಕಡೆಗೆ ಕೊಟ್ಟಿದ್ದ. ಒಬ್ಬನೇ ಮುದ್ದೆ ತಿರುವಿಕೊಂಡು ಉಣ್ಣುತ್ತಿದ್ದ. ಸಾರು ಮಾತ್ರ ನಮ್ಮ ಮನೆಯಿಂದ ಹೋಗುತ್ತಿತ್ತು.

ಆಗ ಯುದ್ಧ ನಡೆಯುತ್ತಿತ್ತು. ಬೆಂಗಳೂರಿನ ಮೈದಾನಗಳ ತುಂಬ ಮಿಲಿಟರಿ ಡೇರೆ. ಅಲ್ಲಿನ ಒಂದು ಬಟ್ಟೆ ಗಿರಣಿಯ ಫುಟ್‌ಬಾಲ್ ಟೀಮಿಗೆ ಕಾಲಾಡಿಸಲು ಜಾಗವಿರಲಿಲ್ಲ. ಟೀಮು ಅಂದರೆ ಹುಡುಗಾಟದ್ದಲ್ಲ, ಸಂಬಳದ್ದು. ಗಿರಣಿ ಪುಸ್ತಕದಲ್ಲಿ ಕೂಲಿ ಅಂತ ಹೆಸರು, ಮಾಡುವ ಕೆಲಸ ಮಾತ್ರ ಚೆಂಡು ಒದೆಯುವುದು. ಪಂದ್ಯಗಳು ಶುರುವಾಗುವ ಮುಂಚೆ ಒಂದು ತಿಂಗಳು ಅವರನ್ನೆಲ್ಲ ಎಲ್ಲಾದರೂ ದೂರದ ಊರಲ್ಲಿಟ್ಟು ಮೈ ಹದ ಮಾಡಿಸುತ್ತಿದ್ದರು. ಆ ವರ್ಷ ನಮ್ಮ ಊರ ಮುಂದಿನ ಛತ್ರಕ್ಕೆ ಬಂದರು. ಮದ್ದೂರಿಗೂ ಮಂಡ್ಯಕ್ಕೂ ನಡುವೆ ರಸ್ತೆ ಪಕ್ಕದಲ್ಲೇ ಛತ್ರ. ಹಾಲು ಅಗ್ಗ, ಬೆಲ್ಲ ಅಗ್ಗ, ಹೆಂಡದಂಗಡಿ ದೂರ. ಇಪ್ಪತ್ತು ಜನ ಆಟಗಾರರು, ಅವರಿಗೊಬ್ಬ ಮೇಷ್ಟ್ರು. ಮೇಷ್ಟ್ರು ಮಿಲಿಟರಿ ಪಟಾಲಮ್ಮು ಬಿಟ್ಟು ಬಂದವರು. ಕೊರಳಲ್ಲಿ ಪೀಪಿ, ಕೈಯಲ್ಲಿ ಬೆತ್ತ.

ಊರವರಿಗೆ ನಂಬಿಕೆಯೇ ಬರಲಿಲ್ಲ. ಚೆಂಡು ಒದೆಯೋಕೆ ಸಂಬಳವಾ? ಮೊದಲನೇ ದಿನವೇ ಒಬ್ಬ ಹೋಗಿ ಮೇಷ್ಟ್ರನ್ನು ಕೇಳಿದ. “ನಮ್ಮೆತ್ತೂ ಚೆನ್ನಾಗ್ ಒದೀತದೆ ಸ್ವಾಮಿ. ಅದ್ಕೂ ಒಂದ್ ಸಂಬ್ಳ ಮಾಡ್ಸಿ ಮತ್ತೆ.”

ಮೇಷ್ಟ್ರು ನಗಲಿಲ್ಲ. “ಎಡಗಾಲಲ್ಲಿ ಒದೆಯೋದಾದ್ರೆ ಕರ್ಕೊಂಡು ಬನ್ನಿ. ಎಡಗಾಲಿನೋರು ನನ್ನ ಹತ್ರ ಒಬ್ಬನೇ ಇರೋದು” ಅಂದರು.

ಆ ಒಬ್ಬನನ್ನೇ ಮಾವ ಹಿಡಿದುಕೊಂಡದ್ದು. ಇಪ್ಪತ್ತೆರಡು ವರ್ಷವಿರಬೇಕು, ಕಡ್ಡಿಯಂಥ ಹುಡುಗ. ಅವನ ಹೆಸರು ನಮಗೆ ಗೊತ್ತಿತ್ತು, ಆದರೆ ಮಾವ ಎಡಗಾಲ ಅಂತ ಕರೆದ, ಊರೆಲ್ಲ ಹಾಗೇ ಕರೆಯಿತು. ಅವನೂ ಓ ಅನ್ನುತ್ತಿದ್ದ.

ನಾನು ದಿನಾ ಬೆಳಿಗ್ಗೆ ಕ್ಯಾಂಪಿಗೆ ಹಾಲು ಹಾಕುತ್ತಿದ್ದೆ. ನನಗಾಗ ಹತ್ತೊಂಬತ್ತು. ಹಾಲು ಅಳೆದುಕೊಟ್ಟು ಮಾವನ ಪಕ್ಕ ಕುಳಿತುಬಿಡುತ್ತಿದ್ದೆ. ಬಿಸಿಲು ಏರುವ ಮುಂಚೆ ಅವರನ್ನು ಕೆರೆ ಏರಿಯ ಮೇಲೆ ಹತ್ತು ಸಲ ಓಡಿಸುತ್ತಿದ್ದರು. ಆಮೇಲೆ ಕಬ್ಬಿನ ಜಲ್ಲೆ ಸಾಲಾಗಿ ನೆಟ್ಟು ಅದರ ಸಂದಿಯಲ್ಲೇ ಚೆಂಡು ತಳ್ಳಿಕೊಂಡು ಹೋಗಬೇಕು. ಜಲ್ಲೆ ಅಲ್ಲಾಡಿದರೆ ಬೆತ್ತದಲ್ಲಿ ಮೀನಖಂಡಕ್ಕೆ ಒಂದು. ಹುಣಸೆ ಕೊಂಬೆಗೆ ಚೆಂಡು ನೇತುಹಾಕಿ ಹಣೆಯಲ್ಲಿ ಗುದ್ದಿಸುತ್ತಿದ್ದರು. ಮಧ್ಯಾಹ್ನ ನೆರಳಲ್ಲಿ ಕೂತು ಚೆಂಡಿನ ಚರ್ಮಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ಸಂಜೆ ಎರಡು ಗುಂಪಾಗಿ ಆಟ. ಎಲ್ಲರದೂ ಬರಿಗಾಲು. ಬೂಟು ಹಾಕಿದರೆ ಚೆಂಡು ಗೊತ್ತಾಗುವುದಿಲ್ಲ ಅನ್ನುತ್ತಿದ್ದರು.

ಎಡಗಾಲನಿಗೆ ಚೆಂಡು ಸಿಕ್ಕಿತೆಂದರೆ ಮಾವ ಬೀಡಿ ಸೇದುವುದು ಮರೆಯುತ್ತಿದ್ದ. ಮಾವ ಆಟವನ್ನೆಲ್ಲ ನೀರಿನ ಲೆಕ್ಕದಲ್ಲಿ ನೋಡುತ್ತಿದ್ದ. “ನೋಡ್ಲಾ ಅಳಿಯ, ನೀರು ತಗ್ಗು ಹುಡುಕ್ತದಲ್ಲ, ಅಂಗೇ ಇವ್ನು ಸಂದು ಹುಡುಕ್ತನೆ. ಬದ ಕಟ್ಟುದ್ರೂ ನಿಲ್ಲಾಕಿಲ್ಲ ಕಣ್ಲಾ” ಅಂತ ಮೊದಲನೇ ವಾರ ಹೇಳಿದ್ದ. ನನಗೆ ಅದಾದ ಮೇಲೆ ಆಟ ಕಾಣಿಸತೊಡಗಿತು. ಅಲ್ಲಿಯವರೆಗೂ ಇಪ್ಪತ್ತು ಜನ ಓಡುವುದು ಕಾಣುತ್ತಿತ್ತು, ಅಷ್ಟೇ.

ಆಟ ನೋಡುತ್ತ ಕೂತು ಮಾವ ಜೀವನದಲ್ಲೇ ಮೊದಲ ಸಲ ತೂಬು ಎತ್ತುವುದು ತಡಮಾಡಿದ. ಕೆಳಗದ್ದೆಯವರು ಬೈದರು. ನೀರು ಕಾಯೋದು ಬಿಟ್ಟು ಚೆಂಡು ಕಾಯುತ್ತಾನೆ ಅಂತ ಆಡಿಕೊಂಡರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆ ಎಡಗಾಲ ಬಂದು ಮಾವನ ಜಗಲಿಯಲ್ಲಿ ಕೂರುತ್ತಿದ್ದ. ಅವನಿಗೆ ಬೆಂಗಳೂರಲ್ಲಿ ತಾಯಿ, ಇಬ್ಬರು ತಂಗಿಯರು. ಅಪ್ಪ ಇಲ್ಲ. ಕ್ಯಾಂಪಿನ ಕಡೆಯಲ್ಲಿ ಇಪ್ಪತ್ತು ಜನರಲ್ಲಿ ಐದು ಜನರನ್ನು ತೆಗೆದುಹಾಕುತ್ತಾರೆ, ಟೀಮಿಂದ ತೆಗೆದರೆ ಗಿರಣಿಯಿಂದಲೂ ತೆಗೆದಂತೆ ಅಂತ ಅವನೇ ಹೇಳಿದ್ದ. ಪ್ರತಿ ವರ್ಷವೂ ಹಾಗೇ. ಹಳಬ ಅಂತ ಉಳಿಸುವುದಿಲ್ಲ, ಆ ತಿಂಗಳು ಹೇಗೆ ಆಡಿದ ಅನ್ನುವುದೇ ಮುಖ್ಯ.

ಆ ವರ್ಷ ಅವನ ಹೆಸರು ಉಳಿಯಿತು. ಆದರೆ ನೆಲ ಸರಿಯಿರಲಿಲ್ಲ. ಛತ್ರದ ಪಕ್ಕದ ಬೀಳು ಅದು, ಬರೀ ಗರಸು ಕಲ್ಲು. ತಿಂಗಳು ಮುಗಿಯುವ ಹೊತ್ತಿಗೆ ಇಪ್ಪತ್ತು ಜನರ ಪಾದವೂ ಹರಿದಿತ್ತು. ಹೊರಡುವ ದಿನ ಮೇಷ್ಟ್ರು, ಬರುವ ವರ್ಷ ಮಳವಳ್ಳಿ ಕಡೆ ಒಳ್ಳೆ ಜಾಗ ನೋಡಿದ್ದೇನೆ, ಅಲ್ಲಿಗೆ ಹೋಗುತ್ತೇವೆ ಅಂದರು. ಮಾವ ಸನಿಕೆ ಊರಿಕೊಂಡು ಅಲ್ಲೇ ನಿಂತಿದ್ದ.

“ನೆಲ ತಾನೆ ಸ್ವಾಮಿ ನಿಮ್ಗೆ ತೊಂದ್ರೆ? ನೆಲ ನಾನ್ ಮಾಡ್ಕೊಡ್ತೀನಿ. ಬರೋ ವರ್ಸ ಇಲ್ಗೇ ಬನ್ನಿ. ಅಂಗೈ ಇದ್ದಂಗ್ ಇರ್ತದೆ.”

ಮೇಷ್ಟ್ರು ಸುಮ್ಮನೆ ಹೂಂ ಅಂದರು. ಮಾವ ಅದನ್ನು ಮಾತು ಅಂತಲೇ ಹಿಡಿದುಕೊಂಡ.

ಕೆರೆ ಏರಿಯ ಕೆಳಗೆ ಊರೊಟ್ಟಿನ ಕಣ ಇತ್ತು. ದೊಡ್ಡದು. ಎಂಟು ಹತ್ತು ಮನೆಯವರು ಒಟ್ಟಿಗೇ ಬಡಿದು ತೂರುವಷ್ಟು. ಸಂಕ್ರಾಂತಿ ಕಳೆದು ಕಾಳೆಲ್ಲ ಮನೆ ಸೇರಿದ ಮೇಲೆ ಅದು ಖಾಲಿ. ಆ ಕಣ ಮತ್ತು ಅದರ ಸುತ್ತಿನ ನೆಲ ಸೇರಿಸಿ ಟೀಮಿಗೆ ಬಿಡಿ ಅಂತ ಮಾವ ಊರವರ ಕಾಲು ಹಿಡಿದ. ಅವನು ಯಾರ ಕಾಲೂ ಹಿಡಿದವನಲ್ಲ. ಕೆಳಗದ್ದೆಯವರು ನಕ್ಕರು. ಪಟೇಲರು ಮಾತ್ರ, ಕಾಳು ತೂರಿದ ಮೇಲೆ ಏನಾದರೂ ಮಾಡಿಕೊ, ಮುಂದಿನ ಸುಗ್ಗಿಗೆ ಕಣ ಕಣವಾಗೇ ಇರಬೇಕು ಅಂದರು.

ಮಾರನೇ ವರ್ಷ ಸಂಕ್ರಾಂತಿಯ ಮೂರನೇ ದಿನಕ್ಕೆ ಶುರು ಮಾಡಿದೆವು. ಮಾವನಿಗೆ ಮೈದಾನ ಅಂದರೆ ಏನು ಗೊತ್ತು? ಅವನಿಗೆ ಗೊತ್ತಿದ್ದದ್ದು ಕಣ. ಬರಿಗಾಲಿಗೆ ಕಣಕ್ಕಿಂತ ಒಳ್ಳೆ ನೆಲ ಇನ್ನೊಂದಿಲ್ಲ ಅಂತ ಅವನ ನಂಬಿಕೆ. ನನ್ನದೂ ಅದೇ. ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಡುವೆ ಇದ್ದ, ಸುಗ್ಗಿಯಲ್ಲಿ ದನ ಕಟ್ಟಿ ತುಳಿಸುವ ಮೇಟಿಕಂಬ ಕಿತ್ತು ಗುಣಿ ಮುಚ್ಚಿದೆವು. ಹುಲ್ಲು, ಕೂಳೆ ಕೆರೆದೆವು. ಮಾವ ತೂಬಿನಿಂದ ಸಣ್ಣ ಕಾಲುವೆ ತಿರುಗಿಸಿ ನೆಲವೆಲ್ಲ ನೆನೆಸಿದ. ಹದಕ್ಕೆ ಬಂದ ಮೇಲೆ ನನ್ನ ಎತ್ತು ಕಟ್ಟಿ ಎರಡು ದಿನ ಗುಂಡುಕಲ್ಲು ಎಳೆಸಿದೆ. ಆಮೇಲೆ ಸಗಣಿ. ಮನೆಮನೆಯ ಕೊಟ್ಟಿಗೆಯಿಂದ ಹೊತ್ತು ತಂದು, ಬಾನಿಯಲ್ಲಿ ಕಲಸಿ, ಬಗ್ಗಡ ಮಾಡಿ ಸುರಿದು, ಬರಲಲ್ಲಿ ಎಳೆದೆವು. ಒಂದು ಸಲವಲ್ಲ, ಮೂರು ಸಲ. ಮಾವ ರಾಗಿ ಕಣಕ್ಕೂ ಅಷ್ಟು ಮಾಡಿದವನಲ್ಲ.

ಗುಂಡು ಎಳೆದ ಎರಡನೇ ದಿನ ಸಂಜೆ ಎತ್ತು ಬಿಚ್ಚುವಾಗ ನೋಡಿದೆ. ಬಲಗಡೆ ಎತ್ತಿನ ಮುಂಗಾಲ ಲಾಳ ಸಡಿಲವಾಗಿತ್ತು. ಒಂದು ಮೊಳೆ ಇರಲಿಲ್ಲ. ಎಲ್ಲೋ ಬಿದ್ದಿರಬೇಕು ಅಂದುಕೊಂಡೆ. ಹುಡುಕಲಿಲ್ಲ. ದಾರಿಯಲ್ಲೂ ಬಿದ್ದಿರಬಹುದಲ್ಲ ಅಂತ… ಅಷ್ಟೇ ಯೋಚನೆ ಮಾಡಿದ್ದು. ಮಾವನಿಗೂ ಹೇಳಲಿಲ್ಲ.

ಟೀಮು ಬಂತು. ಮೇಷ್ಟ್ರು ಚಪ್ಪಲಿ ಬಿಟ್ಟು ಕಣದ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆದರು. ತಿರುಗಿ ಬಂದು ಮಾವನ ಕೈ ಹಿಡಿದುಕೊಂಡರು. ಎಡಗಾಲ ಅಂಗಾತ ಮಲಗಿಬಿಟ್ಟ. ಬೆಂಗಳೂರಲ್ಲೂ ಇಂಥದ್ದು ಇಲ್ಲ ಅಂದ. ಆವತ್ತು ಸಂಜೆ ಇಡೀ ಊರು ಏರಿಯ ಮೇಲೆ ಕೂತಿತ್ತು. ಬೈದಿದ್ದ ಕೆಳಗದ್ದೆಯವರೂ ಇದ್ದರು. ಚೆಂಡು ನೆಲಕ್ಕೆ ಬಿದ್ದರೆ ಹೇಳಿದ ಕಡೆಗೇ ಪುಟಿಯುತ್ತಿತ್ತು. ಎರಡು ದಿನಕ್ಕೊಮ್ಮೆ ಬೆಳಗಿನ ಜಾವ ಮಾವ ಮತ್ತೆ ಬಗ್ಗಡ ಹಾಕುತ್ತಿದ್ದ, ದೂಳು ಏಳಬಾರದು ಅಂತ. ನಾನೂ ಹೊರುತ್ತಿದ್ದೆ. ಸಗಣಿ ಹೊತ್ತ ತಲೆಯಲ್ಲೇ ಹಾಲೂ ಹೊರುತ್ತೀಯ ಅಂತ ಅವ್ವ ಉಗಿಯುತ್ತಿದ್ದಳು.

ಮೂರನೇ ವಾರದ ಕಡೆಯಲ್ಲಿ ಒಂದು ಸಂಜೆ ಎಡಗಾಲ ಆಟದ ನಡುವೆ ಕುಂಟಿದ. ಯಾರಿಗೂ ಕಾಣಿಸಲಿಲ್ಲ, ಮಾವನಿಗೆ ಕಾಣಿಸಿತು. ಆಟ ಮುಗಿದ ಮೇಲೆ ಅವನು ನೆಟ್ಟಗೆ ಮಾವನ ಜಗಲಿಗೆ ಬಂದು ಕಾಲು ಚಾಚಿದ. ಎಡಗಾಲಿನ ಅಂಗಾಲು. ರಕ್ತ ಇರಲಿಲ್ಲ ಅಂದರೂ ಸರಿ. ನಡುವೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಮಾವ ಉಡಿದಾರಕ್ಕೆ ಕಟ್ಟಿದ್ದ ಚಿಮಟ ಬಿಚ್ಚಿ, ಕಾಲು ತೊಡೆಯ ಮೇಲಿಟ್ಟುಕೊಂಡು, ಒತ್ತಿ ಎಳೆದ. ಪೂರ್ತಿ ಒಳಗೆ ಹೋಗಿತ್ತು. ಚಪ್ಪಟೆ ತಲೆಯ ಲಾಳದ ಮೊಳೆ.

ಅದನ್ನು ನನ್ನ ಅಂಗೈಗೆ ಹಾಕಿದ. ಯಾರ ದನದ್ದೋ ಏನೋ, ಸುಗ್ಗಿಯಲ್ಲಿ ಊರ ದನವೆಲ್ಲ ತುಳಿದಿದೆ, ಎಸಿ ಅತ್ಲಾಗೆ ಅಂದ. ನಾನು ನೋಡಿದೆ. ಹೊಸ ಮೊಳೆ. ಸಂಕ್ರಾಂತಿಗೆ ಮುಂಚೆ ನಾನೇ ಮದ್ದೂರು ಸಂತೆಯಲ್ಲಿ ಲಾಳ ಹೊಡೆಸಿದ್ದು. ಸುಗ್ಗಿಯಲ್ಲಿ ತುಳಿದ ದನಗಳದ್ದಾಗಿದ್ದರೆ ಸವೆದಿರುತ್ತಿತ್ತು. ನನ್ನ ಎತ್ತಿನದೇ ಅಂತ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಕೆರೆಗೆ ಎಸೆದೆ.

ಎಡಗಾಲ ಬೇಡಿಕೊಂಡ. “ಯಜಮಾನ್ರೇ, ಮೇಷ್ಟ್ರಿಗೆ ಗೊತ್ತಾಗಬಾರದು. ಕಾಲು ಕೆಟ್ಟೋನ್ನ ಮೊದಲು ತೆಗೀತಾರೆ. ಇನ್ನ ಒಂಬತ್ತು ದಿನ ಅಷ್ಟೇ ಇರೋದು.”

ಮಾವ ಸುಳ್ಳು ಹೇಳುವವನಲ್ಲ. ಆದರೂ ಹೂಂ ಅಂದ. ಹರಳೆಣ್ಣೆ ಕಾಯಿಸಿ, ಅರಿಶಿನ ಕಲಸಿ, ಬಿಸಿಬಿಸಿಯಾಗಿ ಬಿಟ್ಟ. ಹಳೆ ಪಂಚೆ ಹರಿದು ಕಟ್ಟಿದ. ಬೆಳಿಗ್ಗೆ ಬಿಚ್ಚುವುದು, ರಾತ್ರಿ ಕಟ್ಟುವುದು. ಎರಡು ದಿನಕ್ಕೆ ಚುಕ್ಕೆ ಮುಚ್ಚಿಕೊಂಡಿತು. ವಾಸಿಯಾಯಿತು ಅಂತಲೇ ನಾವು ಮೂರೂ ಜನ ಅಂದುಕೊಂಡೆವು. ಅವನು ಮತ್ತೆ ಅದೇ ಕಣದ ಮೇಲೆ, ಅದೇ ಹಸಿ ಸಗಣಿಯ ಮೇಲೆ ಓಡಿದ.

ಒಂದು ದಿನ ಹಾಲು ಅಳೆಯುವಾಗ ಮೇಷ್ಟ್ರು ನನ್ನನ್ನು ನಿಲ್ಲಿಸಿ ಕೇಳಿದರು. “ಅವನು ಎಡಗಾಲು ಎತ್ತೆತ್ತಿ ಇಡ್ತಾನಲ್ಲೋ. ಏನಾಗಿದೆ? ನಿಜ ಹೇಳು.”

“ಏನಿಲ್ಲ ಸ್ವಾಮಿ. ಕಳ್ಳಿಮುಳ್ಳು ಚುಚ್ಚಿತ್ತು, ತಗ್ದಾಯ್ತು” ಅಂದೆ.

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಆಗ ಹೇಳಿದ್ದರೆ ಅವನನ್ನು ಆವತ್ತೇ ಬೆಂಗಳೂರಿಗೆ ಕಳಿಸುತ್ತಿದ್ದರು. ಕೆಲಸ ಹೋಗುತ್ತಿತ್ತು. ಅವನು ಇರುತ್ತಿದ್ದ. ಅವನಿಗೋಸ್ಕರ ಸುಳ್ಳು ಹೇಳಿದೆ ಅಂತ ತುಂಬ ದಿನ ನನಗೆ ನಾನೇ ಹೇಳಿಕೊಂಡೆ. ಮೊಳೆ ಯಾರದು ಅಂತ ಕೇಳುತ್ತಾರೆ ಅನ್ನುವ ಭಯವೂ ಇತ್ತು. ಯಾವುದು ಹೆಚ್ಚಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಛತ್ರದ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೇಷ್ಟ್ರು ಹೆಸರು ಓದಿದರು. ಹದಿನೈದು ಹೆಸರು. ಎಡಗಾಲನದು ನಾಲ್ಕನೆಯದು. ಮಾವ ಜಗಲಿಗೆ ಕರೆತಂದು ಉಣ್ಣಲು ಇಟ್ಟ. ಅವನೇ ತಿರುವಿದ ಮುದ್ದೆ, ನಮ್ಮ ಮನೆಯ ಅವರೆಕಾಳು ಸಾರು. ಎಡಗಾಲ ತುತ್ತು ಮುರಿದು ಬಾಯಿಯ ಹತ್ತಿರ ತಂದ, ಬಾಯಿ ತೆರೆಯಲಿಲ್ಲ. ಮತ್ತೆ ತಂದ. ತುಟಿ ಎಳೆದುಕೊಂಡು ನಕ್ಕ ಹಾಗೆ ಕಾಣಿಸಿತು.

ಮಾವ ನಕ್ಕುಬಿಟ್ಟ. “ನೋಡ್ಲಾ, ಕುಸೀಗೆ ಮುದ್ದೆ ನುಂಗಾಕೂ ಬಾಯಿ ಬರ್ತಿಲ್ಲ ಇವ್ನಿಗೆ” ಅಂದ. ನಾನೂ ನಕ್ಕೆ.

ದವಡೆ ಹಿಡಿಯುತ್ತಿದೆ ಅಂತ ಎಡಗಾಲ ಹಲ್ಲು ಬಿಡದೆಯೇ ಹೇಳಿದ. ಬೆಳಿಗ್ಗೆಯಿಂದ ಕತ್ತೂ ಬಿಗಿಯಾಗಿದೆಯಂತೆ. ಹೆಸರು ಓದುವವರೆಗೂ ಯಾರಿಗೂ ಹೇಳದೆ ತಡೆದುಕೊಂಡಿದ್ದನಂತೆ. ಅವ್ವ ಸಾರಿನ ಪಾತ್ರೆ ತೆಗೆದುಕೊಳ್ಳಲು ಬಂದವಳು ಅವನ ಮುಖ ನೋಡಿ ದವಡೆ ಮುಟ್ಟಿದಳು. ನನ್ನ ಅಕ್ಕ ಬಾಣಂತನದಲ್ಲಿ ಹೋದಾಗ ಇದೇ ಮುಖ ಅವಳು ನೋಡಿದ್ದಳು. ಧನುರ್ವಾಯು ಅಂತ ಅವಳೇ ಮೊದಲು ಅಂದದ್ದು.

ಗಾಡಿ ಕಟ್ಟಿದೆ. ಅದೇ ಎತ್ತು. ಬೇರೆ ಎತ್ತು ನನ್ನ ಹತ್ತಿರ ಇರಲಿಲ್ಲ. ಮಂಡ್ಯದ ಆಸ್ಪತ್ರೆಗೆ ಹೊರಟೆವು. ಮೇಷ್ಟ್ರು ಗಾಡಿಯ ಒಳಗೆ ಅವನ ತಲೆ ಹಿಡಿದುಕೊಂಡು ಕುಳಿತರು. ಚಕ್ರ ಒಂದು ಕಲ್ಲು ಹತ್ತಿ ಇಳಿದರೂ ಅವನ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿತ್ತು. ಹಿಮ್ಮಡಿ ಮತ್ತು ತಲೆ ಎರಡೇ ಹುಲ್ಲಿಗೆ ತಾಗಿರುತ್ತಿದ್ದವು. ಬುದ್ಧಿ ಮಾತ್ರ ಪೂರ್ತಿ ನೆಟ್ಟಗಿತ್ತು. ಅದೇ ನೋಡೋಕೆ ಆಗುತ್ತಿರಲಿಲ್ಲ. ಎತ್ತಿನ ಕೊರಳ ಗಂಟೆಯ ಸದ್ದಿಗೂ ಮೈ ಸೆಟೆಯುತ್ತಿತ್ತು ಅಂತ ಗಂಟೆ ಬಿಚ್ಚಿದೆ. ಬೆಳಕು ಬಡಿಯಬಾರದು ಅಂತ ಗಾಡಿಗೆ ಕಂಬಳಿ ಕಟ್ಟಿದೆವು.

ಮಾವ ಗಾಡಿ ಹತ್ತಲಿಲ್ಲ. ಮುಂದೆ ನಡೆದ. ಸನಿಕೆ ಹಿಡಿದು ದಾರಿಯ ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕೆ ಹಾಕುತ್ತ, ಕೊರಕಲಿಗೆ ಮಣ್ಣು ಎಳೆದು ತುಂಬುತ್ತ, ಮಂಡ್ಯದವರೆಗೂ. ಸಣ್ಣ ಕಲ್ಲನ್ನು ಬಗ್ಗಿ ಕೈಯಲ್ಲಿ ಆರಿಸುತ್ತಿದ್ದ. ಎದುರು ಬಂದ ಕಬ್ಬಿನ ಗಾಡಿಯವರನ್ನೆಲ್ಲ ಕೈ ಮುಗಿದು ಪಕ್ಕಕ್ಕೆ ನಿಲ್ಲಿಸಿದ. ಒಂದು ಗಂಟೆಯ ದಾರಿ ಮೂರು ಗಂಟೆ ಆಯಿತು. ಬೇಗ ಹೋದರೆ ಅವನಿಗೆ ನೋವು, ನಿಧಾನ ಹೋದರೆ ಹೊತ್ತು ಹೋಗುತ್ತದೆ. ಯಾವುದು ಸರಿ ಅಂತ ನನಗೆ ಯಾರು ಹೇಳಬೇಕು?

ಡಾಕ್ಟರು ಒಳ್ಳೆಯವರು. ಕತ್ತಲೆ ಕೋಣೆಯಲ್ಲಿ ಮಲಗಿಸಿದರು, ಇದ್ದ ಸೂಜಿಮದ್ದೆಲ್ಲ ಹಾಕಿದರು. ತಡವಾಗಿದೆ ಅಂತ ಮೊದಲೇ ಹೇಳಿದರು. ಗಾಯ ಎಲ್ಲಿ, ಯಾವ ನೆಲದಲ್ಲಿ ಆಯಿತು ಅಂತ ಕೇಳಿದರು. ಮಾವ ಮುಂದೆ ಬಂದು ಎಲ್ಲ ಹೇಳಿದ. ಕಣ, ನೀರು, ಸಗಣಿ, ಎರಡು ದಿನಕ್ಕೊಮ್ಮೆ ಹಾಕಿದ ಬಗ್ಗಡ, ಎಲ್ಲ. ಮೊಳೆಯ ಮಾತೂ ಹೇಳಿದ. ಯಾರ ದನದ್ದೋ ಅಂದ. ನಾನು ಅವನ ಹಿಂದೆಯೇ ನಿಂತಿದ್ದೆ.

ಡಾಕ್ಟರು ಬೈಯಲಿಲ್ಲ. ಈ ರೋಗದ ಬೀಜ ಸಗಣಿಯಲ್ಲೇ ಇರುತ್ತದೆ, ಗಾಯ ಆಳವಾಗಿದ್ದರೆ ಒಳಗೆ ಹೋಗಿ ಕೂರುತ್ತದೆ, ಮೇಲೆ ಮುಚ್ಚಿಕೊಂಡರೆ ಇನ್ನೂ ಕೆಟ್ಟದ್ದು ಅಂತ ತಿಳಿಸಿ ಹೇಳಿದರು. ಮಾವ ಎಲ್ಲಕ್ಕೂ ತಲೆಯಾಡಿಸಿದ. ಆಮೇಲೆ ಒಂದೇ ಮಾತು ಕೇಳಿದ.

“ಅಂಗಾರೆ ನಾನ್ ಸಾರಿಸ್ದೆ ಇದ್ದಿದ್ರೆ ಇವ್ನು ಬದುಕ್ತಿದ್ನಾ ಬುದ್ದಿ?”

ಅದನ್ನು ಹೇಳೋಕಾಗಲ್ಲ ಅಂದರು ಡಾಕ್ಟರು. ಮಾವನಿಗೆ ಅಷ್ಟೇ ಸಾಕಾಯಿತು.

ಮಾರನೇ ದಿನ ಮಧ್ಯಾಹ್ನ ಎಡಗಾಲ ಹೋದ. ಬೆಂಗಳೂರಿನಿಂದ ತಾಯಿ ಬರುವ ರೈಲು ಸಂಜೆಯದ್ದು…

ಟೀಮು ಮತ್ತೆ ಬರಲಿಲ್ಲ. ಮಾವ ಆಸ್ಪತ್ರೆಯಿಂದ ಬಂದವನು ಎರಡು ದಿನ ಮನೆಯ ಬಾಗಿಲು ತೆಗೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಣದ ತುಂಬ ನೀರು. ತೂಬು ಪೂರ್ತಿ ಎತ್ತಿ, ಕಾಲುವೆ ಒಡೆದು ಕಣಕ್ಕೆ ತಿರುಗಿಸಿದ್ದ. ಅವನು ನೀರಿನ ನಡುವೆ ನಿಂತು ಸನಿಕೆಯಲ್ಲಿ ನೆಲ ಕೆತ್ತುತ್ತಿದ್ದ. ಸಗಣಿ ಪದರವೆಲ್ಲ ಎದ್ದು ತೇಲುತ್ತಿತ್ತು. ಊರವರು ಬಂದು ತೂಬು ಇಳಿಸುವಷ್ಟರಲ್ಲಿ ಬೇಸಿಗೆ ಬೆಳೆಗೆ ಇಟ್ಟಿದ್ದ ನೀರಿನಲ್ಲಿ ಕಾಲು ಪಾಲು ಹೋಗಿತ್ತು.

ನೀರುಗಂಟಿ ಊರ ನೀರು ಕಳೆದ ಅಂದರೆ ಕ್ಷಮೆ ಇಲ್ಲ. ಪಟೇಲರ ಮನೆಯ ಮುಂದೆ ಪಂಚಾಯ್ತಿ ಸೇರಿತು. ಯಾಕೆ ಮಾಡಿದೆ ಅಂತ ಕೇಳಿದರು. ಮಾವ ಬಾಯಿ ಬಿಡಲಿಲ್ಲ. ಇವನ ಪಕ್ಕದ ಮನೆಯವನು ನೀನು, ನಿನಗೇನಾದರೂ ಗೊತ್ತೇನೋ ಅಂತ ಪಟೇಲರು ನನ್ನನ್ನು ಕೇಳಿದರು. ಅದು ನನಗೆ ಸಿಕ್ಕ ಹೊತ್ತು. ಮೊಳೆ ನನ್ನೆತ್ತಿನದು, ಕಳೆದದ್ದು ನನಗೆ ಗೊತ್ತಿತ್ತು, ನಾನು ಹುಡುಕಲಿಲ್ಲ, ಇವನ ಒಬ್ಬನ ತಪ್ಪಲ್ಲ ಇದು ಅನ್ನಬಹುದಾಗಿತ್ತು. ಮಾವ ತಲೆಯೆತ್ತಿ ನನ್ನ ಕಡೆ ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ನೋಡಿದ.

ಗೊತ್ತಿಲ್ಲ ಅಂದೆ.

ಅವನ ತಾತನ ಕಾಲದಿಂದ ಬಂದ ನೀರುಗಂಟಿಕೆ ತೆಗೆದು ಅವನ ದಾಯಾದಿಗೆ ಕೊಟ್ಟರು. ಮಾವ ಸನಿಕೆ ತೆಗೆದು ಪಂಚಾಯ್ತಿ ಕಟ್ಟೆಗೆ ಒರಗಿಸಿ ಮನೆಗೆ ಹೋದ. ಮಗಳು ಬಂದು ಮಳವಳ್ಳಿಗೆ ಕರೆದಳು, ಹೋಗಲಿಲ್ಲ. ಕೂಲಿಗೆ ಹೋದ. ಯಾರದೋ ಗದ್ದೆಗೆ ನೀರು ಕಟ್ಟುವಾಗಲೂ ತೂಬಿನ ಕಡೆ ನೋಡುತ್ತಿರಲಿಲ್ಲ.

ಮುಂದಿನ ಸಂಕ್ರಾಂತಿಗೆ ಅವನು ಬೆಂಗಳೂರಿಗೆ ಹೋಗಿಬಂದ. ರೈಲು ಹತ್ತಿದ್ದು ಅದೇ ಮೊದಲು. ಕೇಳಿ ಕೇಳಿ ಗಿರಣಿ ಹುಡುಕಿ, ಅಲ್ಲಿಂದ ಎಡಗಾಲನ ತಾಯಿಯ ಮನೆ ಹುಡುಕಿದ್ದ. ಒಂದು ಮೂಟೆ ಅವರೆಕಾಯಿ ಹೊತ್ತುಕೊಂಡು ಹೋಗಿದ್ದ. ಬಂದ ಮೇಲೆ ನಾನೇ ಹೋಗಿ ಕೇಳಿದೆ, ಏನಂದಳು ಅಂತ. ಖಾಲಿ ಚೀಲ ಮಡಿಸಿಟ್ಟು ಹೇಳಿದ.

“ತಪ್ಪಾಯ್ತು ಕಣವ್ವ, ನಾನೇ ಕೊಂದೆ ನಿನ್ ಮಗನ್ನ ಅಂತ ಏಳಾಕೇ ಓಗಿದ್ದೆ ಕಣ್ಲಾ. ಆಯಮ್ಮ ಮೊದ್ಲೇ ಕೇಳ್ಬುಟ್ಲು, ಅಲ್ಲಿ ಒಟ್ಟೆ ತುಂಬ ಉಣ್ತಿದ್ನಾ ಅಂತ. ಉಣ್ತಿದ್ದ ಕಣವ್ವ ಅಂದೆ. ಆಮ್ಯಾಕೆ ಬಾಯೇ ಬರ್ನಿಲ್ಲ.”

ನಾನು ಆಗಲಾದರೂ ಹೇಳಬೇಕಾಗಿತ್ತು. ಅವನು ಕತ್ತಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ, ನಾನು ಎರಡು ಮೊಳ ದೂರದಲ್ಲಿದ್ದೆ. ಮಾವ, ಆ ಮೊಳೆ… ಅಂತ ಶುರು ಮಾಡಿದೆ. ಬುಡು ಅತ್ಲಾಗೆ, ಮೊಳೆ ಏನು ಮಾಡ್ತದೆ, ಸಗಣಿ ನಂದು ಅಂದ. ಅವನು ಬಿಡು ಅಂದದ್ದು ನನಗೆ ಅನುಕೂಲವಾಯಿತು. ಎದ್ದು ಮನೆಗೆ ಬಂದೆ.

ಅದಾದ ಮೇಲೆ ಒಂದೇ ಗೋಡೆಯ ಈ ಕಡೆ ಆ ಕಡೆ ಮೂರು ವರ್ಷ ಇದ್ದೆವು. ಅವನು ರಾತ್ರಿ ಕೆಮ್ಮುವುದು ಕೇಳಿಸುತ್ತಿತ್ತು. ದಿನಾ ಸಾರು ಕೊಡಲು ನಾನೇ ಹೋಗುತ್ತಿದ್ದೆ. ಇವತ್ತು ಹೇಳುತ್ತೇನೆ ಅಂತ ಹೋಗುವುದು, ಬಟ್ಟಲು ಇಟ್ಟು ಬರುವುದು. ಅವನು ನನ್ನನ್ನು ಒಳ್ಳೆಯವನು ಅಂದುಕೊಂಡೇ ಇದ್ದ. ಊರಲ್ಲಿ ತನ್ನ ಜೊತೆ ಮೊದಲಿನ ಹಾಗೇ ಇರುವವನು ನಾನೊಬ್ಬನೇ ಅಂತ ಮಗಳ ಹತ್ತಿರ ಹೇಳಿದ್ದನಂತೆ. ಮಣ್ಣಿಗೆ ಬಂದಾಗ ಅವಳು ಅದನ್ನು ನನಗೆ ಹೇಳಿ ಅತ್ತಳು.

ಸ್ವಾತಂತ್ರ್ಯ ಬಂತು ಅಂತ ಊರಲ್ಲಿ ಬಾವುಟ ಹಾರಿಸಿದ ವಾರವೇ ಅವನು ಹೋದದ್ದು. ಜ್ವರ ಮೂರು ದಿನ. ಕಡೆಯ ದಿನ ನಾನು ಪಕ್ಕದಲ್ಲೇ ಇದ್ದೆ. ಅವನಿಗೆ ಎಚ್ಚರವಿತ್ತು, ಮಾತು ಕೇಳಿಸುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿದ್ದರೆ ಅವನ ತಪ್ಪಿನಲ್ಲಿ ಅರ್ಧವಾದರೂ ನನ್ನ ತಲೆಗೆ ಬಂದು ಅವನು ಸ್ವಲ್ಪ ಹಗುರವಾಗಿ ಹೋಗುತ್ತಿದ್ದ. ನೀರು ಬೇಕಾ ಮಾವ ಅಂದೆ. ಬೇಡ ಅಂದ.

ಈಗ ಆ ಮನೆಗೆ ಬೀಗ ಹಾಕಿದೆ. ಮೊಳೆ ನನ್ನ ಎತ್ತಿನದು. ಇದನ್ನು ಅವನಿಗೆ ಹೇಳಬೇಕಾಗಿತ್ತು, ನಿಮಗೆ ಹೇಳುತ್ತಿದ್ದೇನೆ. ಇದರಿಂದ ಅವನಿಗೇನೂ ಆಗಬೇಕಾಗಿಲ್ಲ. ಇನ್ನು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.